ಆತತಾಯಿ ಅಂದ್ರೆ ಯಾರು? ದಾಳಿಕೋರ, ಹಲ್ಲೆಕೋರ ಎಲ್ಲಾ ಒಂದೇನಾ?

ಬೇಣದಗಾಳಿ, ಶಿರಸಿ
ಒಂದು ಶಬ್ದದ ಬಗ್ಗೆ ಕೇಳ್ಬೇಕಿತ್ತು, ಬರೀತಾ ಬರೀತಾ ಉದ್ದ ಆಯ್ತು, ಪುರುಸೊತ್ತು ಇದ್ದವ್ರು ಓದಿ. ಹೋದ ಶನಿವಾರ ನಮ್ಮೂರಲ್ಲಿ ಒಬ್ಬರ ಮನೆ ಜಗಲೀಲಿ ತಾಳಮದ್ದಲೆ ಇತ್ತು, ವೇಷ ಕಟ್ಟದೆ ಕೂತು ಮಾತಲ್ಲೇ ನಡೆಸೋ ಯಕ್ಷಗಾನ. ದ್ರೌಪದಿ ಮಕ್ಕಳು ರಾತ್ರಿ ಮಲಗಿದ್ದಾಗ ಕೊಂದು ಓಡಿಹೋದ ಅಶ್ವತ್ಥಾಮನ್ನ ಅರ್ಜುನ ಕಟ್ಟಿ ತರ್ತಾನಲ್ಲ, ಆ ಭಾಗ. ಕೃಷ್ಣನ ಅರ್ಥ ಹೇಳೋರು, ಅಂದ್ರೆ ಆ ಪಾತ್ರದ ಮಾತಾಡೋರು, ಹತ್ತು ನಿಮಿಷದಲ್ಲಿ ಏಳೆಂಟು ಸಲ ಆತತಾಯಿ ಆತತಾಯಿ ಅಂದ್ರು. ನನ್ನ ಮಗಳು ಏಳನೇ ಕ್ಲಾಸು, ಪಕ್ಕದಲ್ಲೇ ಕೂತಿದ್ಲು, ಕಿವೀಲಿ ಕೇಳಿದ್ಲು, ‘ಅಪ್ಪಾ, ಅಶ್ವತ್ಥಾಮ ಗಂಡಸಲ್ವಾ, ಆತ ತಾಯಿ ಹೇಂಗಾಗ್ತಾನೆ?’ ನಾನು ‘ದಾಳಿ ಮಾಡೋನು ಅಂತ ಅರ್ಥ ಮಗಾ’ ಅಂದು ಸುಮ್ಮನಾದೆ. ಅವಳು ಬಿಡ್ಲಿಲ್ಲ, ಹಂಗಾದ್ರೆ ದಾಳಿಕೋರ ಅನ್ಬಹುದಿತ್ತಲ್ಲ, ಬೇರೆ ಶಬ್ದ ಯಾಕೆ ಅಂದ್ಲು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಇದಕ್ಕೆ ಸರಿಯಾಗಿ ಎರಡು ದಿನ ಬಿಟ್ಟು ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಲ್ಲಿ ಒಬ್ಬರು ಹಿರಿಯರು ಒಂದು ಮೆಸೇಜ್ ಹಾಕಿದ್ರು. ನಮ್ಮ ಬೆಟ್ಟದ ಆಚೆ ಅಂಚಲ್ಲಿ ತುಂಬಾ ವರ್ಷದಿಂದ ಮನೆ ಕಟ್ಕೊಂಡು ಇದ್ದ ನಾಲ್ಕೈದು ಕುಟುಂಬ ಇದೆ, ಅವ್ರ ಬಗ್ಗೆ ‘ಇವರೆಲ್ಲ ಆತತಾಯಿಗಳು, ಶಾಸ್ತ್ರದಲ್ಲೇ ಹೇಳಿದ್ದು, ಕರುಣೆ ತೋರಿಸೋ ಅಗತ್ಯ ಇಲ್ಲ’ ಅಂತ. ಓದಿ ಹೊಟ್ಟೆ ತೊಳಸಿದ ಹಾಂಗಾಯ್ತು. ಆ ಮನೆ ಹೆಂಗಸರು ನಮ್ಮ ಅಡಿಕೆ ಸುಲಿಯೋಕೆ ಬರ್ತಾರೆ, ಅವ್ರ ಹುಡುಗ್ರು ನನ್ನ ಮಗಳ ಜೊತೆ ಒಂದೇ ಶಾಲೆ. ಅದಕ್ಕೇ ಕೇಳ್ತಾ ಇದ್ದೇನೆ, ಈ ಶಬ್ದಕ್ಕೆ ನಿಜವಾಗಿ ಏನರ್ಥ, ಯಾರಿಗೆ ಹೇಳ್ಬಹುದು, ಯಾರಿಗೆ ಹೇಳ್ಬಾರ್ದು?

ಮದ್ದಳೆಮನೆ, ಸಿದ್ದಾಪುರ
ತಾಯಿಗೂ ಇದಕ್ಕೂ ಸಂಬಂಧ ಇಲ್ಲ ಅಂತ ಮಗಳಿಗೆ ಮೊದ್ಲು ಹೇಳಿ. ಆದ್ರೆ ಪ್ರಶ್ನೆ ಚೊಲೋ ಕೇಳಿದ್ದಾಳೆ. ಒಡೆಯೋದು ಆತತ ಮತ್ತೆ ಅಯಿನ್ ಅಂತ. ಆತತ ಅಂದ್ರೆ ಎಳೆದು ಬಿಗಿದದ್ದು. ತನ್ ಅನ್ನೋ ಧಾತು, ಚಾಚು ಹಿಗ್ಗಿಸು ಅಂತ ಅರ್ಥ, ತಂತು, ತಂತಿ, ಸಂತಾನ, ವಿತಾನ ಎಲ್ಲಾ ಅದೇ ಮನೆಯವು. ಅಯಿನ್ ಅಂದ್ರೆ ಹೋಗುವವ, ಸಾಗುವವ. ಸೇರಿಸಿದ್ರೆ ಹೆದೆ ಎಳೆದ ಬಿಲ್ಲು ಹಿಡ್ಕೊಂಡು ಮೈಮೇಲೆ ಬರ್ತಾ ಇರೋನು.

ನಾವು ಅರ್ಥ ಹೇಳುವಾಗ ಬಾಯಿಪಾಠ ಇಟ್ಕೊಳ್ಳೋದು ವಸಿಷ್ಠ ಧರ್ಮಸೂತ್ರದ ಶ್ಲೋಕ, ‘ಅಗ್ನಿದೋ ಗರದಶ್ಚೈವ ಶಸ್ತ್ರಪಾಣಿರ್ಧನಾಪಹಃ, ಕ್ಷೇತ್ರದಾರಹರಶ್ಚೈವ ಷಡೇತೇ ಹ್ಯಾತತಾಯಿನಃ’. ಮನೆಗೆ ಬೆಂಕಿ ಇಡೋನು, ವಿಷ ಹಾಕೋನು, ಆಯುಧ ಹಿಡಿದು ಬರೋನು, ದುಡ್ಡು ದೋಚೋನು, ಹೊಲ ಕಸಿಯೋನು, ಹೆಂಡತಿಯನ್ನ ಎಳ್ಕೊಂಡು ಹೋಗೋನು, ಈ ಆರು ಜನ. ಸಂಧಾನದ ಪ್ರಸಂಗದಲ್ಲಿ ಇದು ಬಹಳ ಉಪಯೋಗಕ್ಕೆ ಬರ್ತದೆ ಯಾಕಂದ್ರೆ ಕೌರವರು ಆರಕ್ಕೆ ಆರೂ ಮಾಡಿದ್ದಾರೆ. ಅರಗಿನ ಮನೆ ಬೆಂಕಿ ಆಯ್ತು, ಭೀಮನಿಗೆ ವಿಷ ಆಯ್ತು, ಜೂಜಲ್ಲಿ ಸಂಪತ್ತು ರಾಜ್ಯ ಎರಡೂ ಹೋಯ್ತು, ದ್ರೌಪದಿ ಸೀರೆಗೆ ಕೈ ಹಾಕಿದ್ದಾಯ್ತು, ಕೊನೆಗೆ ಕುರುಕ್ಷೇತ್ರದಲ್ಲಿ ಶಸ್ತ್ರ ಹಿಡಿದು ಎದುರಿಗೇ ನಿಂತ್ರು. ಅಷ್ಟಾದ್ರೂ ಗೀತೆಯ ಮೊದಲ ಅಧ್ಯಾಯದಲ್ಲಿ ಅರ್ಜುನ ಏನಂತಾನೆ ನೋಡಿ, ‘ಪಾಪಮೇವಾಶ್ರಯೇದಸ್ಮಾನ್ ಹತ್ವೈತಾನಾತತಾಯಿನಃ’, ಈ ಆತತಾಯಿಗಳನ್ನ ಕೊಂದ್ರೂ ನಮಗೆ ಪಾಪವೇ ಬರೋದು ಅಂತ. ಮನುಸ್ಮೃತಿ ಎಂಟನೇ ಅಧ್ಯಾಯದಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಮಾತು ಇದೆ, ಗುರು ಆಗ್ಲಿ ಮಗು ಆಗ್ಲಿ ಮುದುಕ ಆಗ್ಲಿ ವೇದ ಓದಿದ ಬ್ರಾಹ್ಮಣನೇ ಆಗ್ಲಿ, ಆತತಾಯಿಯಾಗಿ ಮೈಮೇಲೆ ಬಂದ್ರೆ ಯೋಚನೆ ಮಾಡದೆ ಕೊಲ್ಲು ಅಂತ. ಈ ಎರಡು ಮಾತಿನ ಮಧ್ಯ ನಿಂತೇ ಅರ್ಥಧಾರಿಗಳು ರಾತ್ರಿ ಬೆಳಗು ಮಾಡೋದು.

ಕಾಳಿಕಡಲು, ಕಾರವಾರ
ದಾಳಿಕೋರ ಯಾಕಲ್ಲ ಅನ್ನೋದಕ್ಕೆ ನಾನು ಸ್ವಲ್ಪ ಹೇಳ್ತೇನೆ. ನಮ್ಮ ಕಡೆ ಮನೇಲಿ ಕೊಂಕಣಿ, ಶಾಲೇಲಿ ಕನ್ನಡ, ಅಜ್ಜನ ಕಾಲದ ಕಾಗದಪತ್ರ ಎಲ್ಲಾ ಮರಾಠಿ, ಹಾಂಗಾಗಿ ಈ ಬಾಲಗಳು ಬೇಗ ಕಣ್ಣಿಗೆ ಬೀಳ್ತವೆ. ಕೋರ ಅನ್ನೋದು ಪಾರಸಿಯ ಖೋರ್, ಅಂದ್ರೆ ತಿನ್ನುವವನು. ಮರಾಠೀಲಿ ಲಾಚಖೋರ, ದರೋಡೇಖೋರ, ಹಲ್ಲೇಖೋರ ಅಂತ ಇದ್ದಾವೆ, ನಮ್ಮಲ್ಲಿ ಲಂಚಕೋರ, ದರೋಡೆಕೋರ, ಹಲ್ಲೆಕೋರ. ಲಂಚ ತಿಂದ ಅಂತಲೇ ನಾವೂ ಹೇಳ್ತೇವಲ್ಲ, ಅದೇ. ಚಾಡಿಕೋರ, ಸುಲಿಗೆಕೋರ, ಹರಾಮಕೋರ, ಯಾವುದು ಬೇಕಾದ್ರೂ ತಗೊಳ್ಳಿ, ಅದನ್ನೇ ತಿಂದು ಬದುಕೋನು, ಅದೇ ಅವನ ಚಟ ಅನ್ನೋ ಹಾಂಗೆ ಕೇಳ್ತದೆ. ಒಂದು ಒಳ್ಳೇ ಕೆಲಸಕ್ಕೆ ಕೋರ ಸೇರಿಸಿ ನೋಡಿ, ಬಾಯಿಗೇ ಬರೋದಿಲ್ಲ.

ಗಾರ ಅನ್ನೋದು ಹಾಂಗಲ್ಲ. ಬಳೆಗಾರ, ಬೇಟೆಗಾರ, ಹಾಡುಗಾರ, ಜೊತೆಗಾರ. ಮೋಸಗಾರ ಅಂತಲೂ ಇದೆ ಒಪ್ಪಿದೆ, ಆದ್ರೆ ಗಾರ ಅನ್ನೋದಕ್ಕೇ ಬೈಗುಳದ ವಾಸನೆ ಇಲ್ಲ. ಕಬಡ್ಡೀಲಿ ರೇಡ್‌ಗೆ ಹೋಗೋನಿಗೆ ದಾಳಿಗಾರ ಅನ್ನಿ, ಖುಷಿಪಡ್ತಾನೆ. ದಾಳಿಕೋರ ಅಂದ್ರೆ ಪೊಲೀಸ್ ಕೇಸು ನೆನಪಾಗ್ತದೆ.

ಇನ್ನೊಂದು ಗಮನಿಸಿ. ಲೋಕಾಯುಕ್ತ ದಾಳಿ ಅಂತೇವೆ, ಐಟಿ ದಾಳಿ ಅಂತೇವೆ, ಕಾಡಾನೆ ದಾಳಿ, ಚಿರತೆ ದಾಳಿ, ಬೌಲಿಂಗ್ ದಾಳಿ ಅಂತ ಪೇಪರಲ್ಲಿ ದಿನಾ ಬರ್ತದೆ. ಆದ್ರೆ ಲೋಕಾಯುಕ್ತ ಅಧಿಕಾರಿಗಳನ್ನ ದಾಳಿಕೋರರು ಅಂತ ಯಾರೂ ಬರೆಯೋದಿಲ್ಲ, ಆನೆಗೂ ಬರೆಯೋದಿಲ್ಲ. ದಾಳಿ ಅನ್ನೋದು ಕೆಲಸದ ಹೆಸರು, ಕೋರ ಹಚ್ಚಿದ ಕೂಡ್ಲೇ ಮನುಷ್ಯನ ಮೇಲೆ ತೀರ್ಪು ಬಂದುಬಿಡ್ತದೆ.

ದಾಳಿ ಶಬ್ದ ಸಂಸ್ಕೃತದ ಧಾಟಿಯಿಂದ ಬಂದ ತದ್ಭವ. ಅಲ್ಲಿ ಧಾಟಿ ಅಂದ್ರೆ ಮೇಲೆ ಬೀಳೋದು, ಮರಾಠೀಲಿ ಈಗ್ಲೂ ಧಾಡ ಅಂದ್ರೆ ರೇಡ್. ನಾವು ಮಾತ್ರ ಧಾಟಿ ಅನ್ನೋದನ್ನ ಮಾತಿನ ಧಾಟಿ ಹಾಡಿನ ಧಾಟಿ ಅಂತ ಮೆತ್ತಗೆ ಮಾಡ್ಕೊಂಡಿದ್ದೇವೆ.

ಬೇಣದಗಾಳಿ, ಶಿರಸಿ
ಇದು ನನಗೆ ಹೊಳೆದೇ ಇರ್ಲಿಲ್ಲ. ನಮ್ಮ ಕಡೆ ಮಂಗ, ಹಂದಿ ಬಂದ್ರೆ ದಾಳಿ ಅಂತ್ಲೂ ಅನ್ನೋದಿಲ್ಲ, ಮಂಗನ ಉಪದ್ರ, ಹಂದಿ ಹಾವಳಿ ಅಂತೇವೆ. ಪೇಪರಿಗೆ ಹೋದ್ಮೇಲೆ ಅದು ದಾಳಿ ಆಗ್ತದೆ.

ಅಂಕೋಲೆ ಹುಡುಗ, ಈಗ ಹಲ್ದಿಯಾ
ನಾನು ಬಂದರಲ್ಲಿ ಕೆಲಸ ಮಾಡೋದು, ಹನ್ನೊಂದು ವರ್ಷದಿಂದ ಬಂಗಾಳದಲ್ಲಿದ್ದೇನೆ. ಇಲ್ಲಿ ಆತತಾಯಿ ಅನ್ನೋದು ಶ್ಲೋಕದ ಶಬ್ದ ಅಲ್ಲ, ದಿನಾ ಪೇಪರಲ್ಲಿ ಬರೋ ಶಬ್ದ. ಯಾರನ್ನೋ ಗುಂಡು ಹೊಡೆದು ಕೊಂದು ಪರಾರಿಯಾದ್ರೆ ಆ ಕೊಂದವನು ಆತತಾಯಿ. ನಮ್ಮ ಪೇಪರಲ್ಲಿ ‘ಅಪರಿಚಿತ ದುಷ್ಕರ್ಮಿಗಳು’ ಅಂತ ಹಾಕ್ತಾರಲ್ಲ ಹೆಚ್ಚು ಕಡಿಮೆ ಆ ಜಾಗದಲ್ಲಿ. ಮೊದಲ ಸಲ ಚಾ ಅಂಗಡೀಲಿ ಯಾರೋ ಪೇಪರ್ ಗಟ್ಟಿಯಾಗಿ ಓದುವಾಗ ಕೇಳಿದ್ದು, ನನಗೆ ಊರಿನ ಯಕ್ಷಗಾನ ನೆನಪಾಗಿ ಕಣ್ಣು ತುಂಬಿತ್ತು, ಅವ್ರು ಓದ್ತಾ ಇದ್ದಿದ್ದು ಒಂದು ಕೊಲೆ ಸುದ್ದಿ. ಹಿಂದೀಲಿ ಇದೇ ಶಬ್ದಕ್ಕೆ ಜನರನ್ನ ಹಿಂಸೆ ಮಾಡೋ ಕ್ರೂರ ದೊರೆ ಅನ್ನೋ ಹಾಂಗೆ ಅರ್ಥ ಹೆಚ್ಚು. ಕನ್ನಡದಲ್ಲಿ ಮಾತ್ರ ಇದು ಮೇಳ ಬಿಟ್ಟು ಕೆಳಗೆ ಇಳೀಲೇ ಇಲ್ಲ.

ಹಳೇಗುಮಾಸ್ತ, ಕಾರವಾರ
ಕೋರ್ಟಲ್ಲಿ ಮೂವತ್ತು ವರ್ಷ ಕಾಗದ ಹೊತ್ತವನು ನಾನು, ಹಲ್ಲೆ ಶಬ್ದದ ಬಗ್ಗೆ ನನಗೆ ಹೇಳೋದಿದೆ. ಫಿರ್ಯಾದಿಗಳಲ್ಲಿ ಒಂದು ಸಾಲು ತಪ್ಪದೆ ಇರ್ತದೆ, ‘ಆರೋಪಿತನು ಅವಾಚ್ಯ ಶಬ್ದಗಳಿಂದ ಬೈದು ಕೈಯಿಂದ ಹಲ್ಲೆ ಮಾಡಿ ಜೀವ ಬೆದರಿಕೆ ಹಾಕಿರುತ್ತಾನೆ’. ಇಲ್ಲಿ ಹಲ್ಲೆ ಅಂದ್ರೆ ಹೊಡೆದದ್ದು. ಆದ್ರೆ ಕಾನೂನಿನ ಪುಸ್ತಕದಲ್ಲಿ ಹಲ್ಲೆಗೆ ಹೊಡೀಲೇ ಬೇಕು ಅಂತಿಲ್ಲ. 1860ರ ದಂಡ ಸಂಹಿತೇಲಿ 351ನೇ ಕಲಂ, ಈಗ 2024 ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೇಲಿ 130. ಈಗ ಹೊಡೀತಾನೆ ಅಂತ ಎದುರಿನವನಿಗೆ ಅನ್ನಿಸೋ ಹಾಂಗೆ ಕೈ ಎತ್ತಿದ್ರೂ ಸಾಕು, ತಯಾರಿ ಮಾಡಿದ್ರೂ ಸಾಕು. ಅಲ್ಲೇ ಉದಾಹರಣೆ ಇದ್ದಾವೆ, ಮುಷ್ಟಿ ಝಾಡಿಸೋದು, ಕಚ್ಚೋ ನಾಯಿಯ ಬಾಯಿಕಟ್ಟು ಬಿಚ್ಚೋಕೆ ಶುರು ಮಾಡೋದು, ಕೋಲು ಎತ್ಕೊಂಡು ನಿನಗೆ ಬಾರಿಸ್ತೇನೆ ಅನ್ನೋದು. ಬರೀ ಬಾಯಿಮಾತು ಹಲ್ಲೆ ಆಗೋದಿಲ್ಲ.

ಮದ್ದಳೆಮನೆಯವ್ರು ಬಿಲ್ಲಿನ ಹೆದೆ ಅಂದ್ರಲ್ಲ, ಓದಿ ಮೈ ಜುಂ ಅಂತು. ಬಾಣ ಬಿಟ್ಟಿಲ್ಲ, ಹೆದೆ ಎಳೆದಾಗಿದೆ. ಆತತಾಯಿ ಅನ್ನೋ ಶಬ್ದದಲ್ಲಿರೋ ಚಿತ್ರವೂ ಅದೇ, ಆ ಕಲಮಿನಲ್ಲಿರೋ ಚಿತ್ರವೂ ಅದೇ.

ಮತ್ತೆ ಆತ್ಮರಕ್ಷಣೆ ಹಕ್ಕು, ಮೊದಲು 96ರಿಂದ 106, ಈಗ 34ರಿಂದ 44ನೇ ಕಲಂ. ಎದುರಿನವನನ್ನ ಕೊಂದ್ರೂ ತಪ್ಪಿಲ್ಲ ಅನ್ನೋ ಸಂದರ್ಭ ಯಾವ್ಯಾವುದು ಅಂತ ಅಲ್ಲಿ ಪಟ್ಟಿ ಮಾಡಿದ್ದಾರೆ. ಜೀವ ಹೋಗೋ ಭಯ, ಭಾರೀ ಗಾಯದ ಭಯ, ಅತ್ಯಾಚಾರಕ್ಕೆ ಬಂದಾಗ, ಎಳ್ಕೊಂಡು ಹೋಗೋಕೆ ಬಂದಾಗ, 2013ರಲ್ಲಿ ಆಸಿಡ್ ಎರಚೋದನ್ನೂ ಸೇರಿಸಿದ್ರು. ಆಸ್ತಿ ವಿಷಯಕ್ಕೆ ಬಂದ್ರೆ ದರೋಡೆ, ವಾಸದ ಮನೆಗೆ ಬೆಂಕಿ ಇಡೋದು ಇತ್ಯಾದಿ. ವಸಿಷ್ಠರ ಆರು ಮಂದೀಲಿ ಸುಮಾರು ಜನ ಇಲ್ಲೂ ಸಿಗ್ತಾರೆ. ಆದ್ರೆ ಒಂದು ಷರತ್ತು ಬಹಳ ಮುಖ್ಯ, ಅಪಾಯದ ಭಯ ಎಷ್ಟು ಹೊತ್ತು ಇರ್ತದೋ ಅಷ್ಟೇ ಹೊತ್ತು ಆ ಹಕ್ಕು. ಅವನು ಓಡಿಹೋದ್ಮೇಲೆ, ಕೈಕಟ್ಟಿ ಕೂತ್ಮೇಲೆ ನೀವು ಬೆನ್ನಟ್ಟಿ ಹೊಡೆದ್ರೆ ಆಗ ಆರೋಪಿತ ನೀವು. ಇದು ಗೊತ್ತಿಲ್ಲದೆ ಒಳ್ಳೇ ಮನೆತನದ ಹುಡುಗ್ರು ಜೈಲಿಗೆ ಹೋಗಿದ್ದನ್ನ ನೋಡಿದ್ದೇನೆ, ಸಂಕಟ ಆಗ್ತದೆ.

ನೇರಮಾತು, ಕುಮಟಾ
ಎಲ್ರೂ ಶಬ್ದನ ಬಹಳ ಮೆತ್ತಗೆ ಮಾಡ್ತಾ ಇದ್ದೀರಿ ಅನ್ನಿಸ್ತು. ಮನು ‘ಅವಿಚಾರಯನ್’ ಅಂತ ಸ್ಪಷ್ಟ ಹೇಳಿದ್ದಾನಲ್ಲ, ಯೋಚನೆ ಮಾಡಬೇಡ ಅಂತ. ನಮ್ಮ ತೋಟದಲ್ಲಿ ಮೂರು ವರ್ಷ ಸತತ ರಾತ್ರಿ ಬಂದು ಅಡಿಕೆ ಕೊನೆ, ಅಂದ್ರೆ ಗೊನೆ, ಕೊಯ್ದು ಒಯ್ದಿದ್ದಾರೆ. ಅಪ್ಪ ಸಾಲ ಮಾಡಿ ಔಷಧಿ ಹೊಡೆಸಿದ ಫಸಲು ಅದು, ಬೆಳಿಗ್ಗೆ ಎದ್ದು ನೋಡಿದ್ರೆ ಮರ ಬೋಳು, ಅಪ್ಪ ಮರದ ಬುಡದಲ್ಲಿ ಹಾಗೇ ಕೂತುಬಿಟ್ಟಿದ್ರು. ಧನಾಪಹ ಅಂದ್ರೆ ಇವರೇ ಅಲ್ವಾ? ಇವರಿಗೆ ಆತತಾಯಿ ಅನ್ನದೆ ಮತ್ತೇನು ಅನ್ಬೇಕು?

ಹಳೇಗುಮಾಸ್ತ, ಕಾರವಾರ
ತಮ್ಮಾ, ನಿನ್ನ ಅಪ್ಪಯ್ಯನ ಸಂಕಟ ಅರ್ಥ ಆಗ್ತದೆ, ಒಂದು ವರ್ಷದ ಅನ್ನ ಅದು. ಆದ್ರೆ ಕಾನೂನು ಇಲ್ಲಿ ವಸಿಷ್ಠರ ಜೊತೆ ಪೂರ್ತಿ ಹೋಗೋದಿಲ್ಲ. ಬರೀ ಕಳ್ಳತನ ಆದ್ರೆ ಕಳ್ಳನನ್ನ ತಡೀಬಹುದು, ಹಿಡೀಬಹುದು, ಅದಕ್ಕೆ ಬೇಕಾದಷ್ಟು ಬಲ ಹಾಕ್ಬಹುದು, ಜೀವ ತೆಗೆಯೋ ಹಾಂಗಿಲ್ಲ. ಆ ಕಳ್ಳತನ ಮಾಡೋ ರೀತಿಯಿಂದ ನಿಮ್ಮ ಜೀವಕ್ಕೆ ಅಥವಾ ಭಾರೀ ಗಾಯಕ್ಕೆ ಭಯ ಹುಟ್ಟಿದ್ರೆ ಮಾತ್ರ ಮಾತು ಬೇರೆ, ಅದು ಈಗ 41ನೇ ಕಲಂ. ಕೊನೆಗಾರನ ಕತ್ತಿ ಹಿಡಿದು ಮೈಮೇಲೆ ಬಂದ್ರೆ ಅವನು ಶಸ್ತ್ರಪಾಣಿ. ಕೊನೆ ಬಿಟ್ಟು ಓಡಿದ್ರೆ ಕಳ್ಳ. ಒಬ್ಬನೇ ಮನುಷ್ಯ, ಹತ್ತು ನಿಮಿಷದಲ್ಲಿ ಎರಡು ಹೆಸರು.

ಗೋಕರ್ಣದ ಕೋಟಿತೀರ್ಥ
ನನ್ನದೊಂದು ಮಾತು. ಈ ಶಬ್ದ ಧರ್ಮಶಾಸ್ತ್ರಕ್ಕಿಂತ ಮೊದ್ಲು ಎಲ್ಲಿ ಇದೆ ಗೊತ್ತಾ, ರುದ್ರದಲ್ಲಿ, ಅಂದ್ರೆ ಯಜುರ್ವೇದದ ರುದ್ರ ಮಂತ್ರದಲ್ಲಿ. ನಮ್ಮ ಕಡೆ ಹೆಚ್ಚಿನವ್ರು ಕೃಷ್ಣ ಯಜುರ್ವೇದದವ್ರು, ನಾವು ಹೇಳೋದು ‘ನಮೋ ರುದ್ರಾಯಾತತಾವಿನೇ ಕ್ಷೇತ್ರಾಣಾಂ ಪತಯೇ ನಮಃ’. ಶುಕ್ಲ ಯಜುರ್ವೇದದ ಪಾಠದಲ್ಲಿ ಅದೇ ಸಾಲು ‘ರುದ್ರಾಯಾತತಾಯಿನೇ’ ಅಂತ ಇದೆ. ಅಂದ್ರೆ ಹೆದೆ ಏರಿಸಿದ ಬಿಲ್ಲಿನ ರುದ್ರನಿಗೆ, ಹೊಲಗದ್ದೆಗಳ ಒಡೆಯನಿಗೆ ನಮಸ್ಕಾರ. ಮುಂದೆ ಯಾವ ಶಬ್ದ ಹೊಲ ಕಸಿಯೋನಿಗೆ ಬಂತೋ ಅದೇ ಶಬ್ದ ಇಲ್ಲಿ ಹೊಲ ಕಾಯೋ ದೇವರಿಗೆ ಇದೆ. ಚಿಕ್ಕಂದಿನಿಂದ ರುದ್ರ ಹೇಳ್ತಾ ಬಂದವನು ನಾನು, ಇದು ಕಿವಿಗೆ ಬಿದ್ದದ್ದು ನಲವತ್ತು ವಯಸ್ಸಾದ್ಮೇಲೆ, ಅಪ್ಪಯ್ಯ ಅರ್ಥ ಹೇಳಿಕೊಟ್ಟಾಗ.

ಇನ್ನೂ ಒಂದಿದೆ. ಅದೇ ರುದ್ರದ ಮೊದಲ ಅನುವಾಕದಲ್ಲಿ ‘ಅವತತ್ಯ ಧನುಸ್ತ್ವಂ ಸಹಸ್ರಾಕ್ಷ ಶತೇಷುಧೇ’ ಅಂತ ಬೇಡ್ಕೊಳ್ತೇವೆ, ಸಾವಿರ ಕಣ್ಣಿನವನೇ, ಬಿಲ್ಲಿನ ಹೆದೆ ಇಳಿಸು, ನಮಗೆ ಮಂಗಳನಾಗಿರು ಅಂತ. ಆತತ ಅಂದ್ರೆ ಏರಿಸಿದ್ದು, ಅವತತ್ಯ ಅಂದ್ರೆ ಇಳಿಸಿ. ಧಾತು ಒಂದೇ ತನ್. ದೇವರಿಗೇ ಈ ಶಬ್ದ ಹಚ್ಚುವಾಗ ಅದು ಬಿಲ್ಲಿನ ಸ್ಥಿತಿ ಅಷ್ಟೇ, ಅವನ ಜಾತಕ ಅಲ್ಲ. ಹೆದೆ ಇಳಿಸಿದ ಕೂಡ್ಲೇ ಅವನೇ ಶಿವ.

ಮದ್ದಳೆಮನೆ, ಸಿದ್ದಾಪುರ
ಅಣ್ಣ, ಇಷ್ಟು ವರ್ಷ ಅರ್ಥ ಹೇಳಿದ್ದೇನೆ, ಅವತತ್ಯದ ಹತ್ರ ಇದನ್ನ ಇಟ್ಟು ನೋಡಿರ್ಲಿಲ್ಲ. ಮನುವಿನ ಶ್ಲೋಕದಲ್ಲೂ ‘ಆತತಾಯಿನಮಾಯಾಂತಂ’ ಅಂತಿದೆ, ಆಯಾಂತಂ ಅಂದ್ರೆ ಬರ್ತಾ ಇರೋನನ್ನ. ಬಂದು ಹೋದವನನ್ನ ಅಲ್ಲ, ನಾಳೆ ಬರಬಹುದಾದವನನ್ನೂ ಅಲ್ಲ. ಕುಮಟಾದ ತಮ್ಮ ಅವಿಚಾರಯನ್ ಅನ್ನೋದನ್ನ ಹಿಡ್ಕೊಂಡ, ಆಯಾಂತಂ ಬಿಟ್ಟ. ಎರಡೂ ಒಂದೇ ಶ್ಲೋಕದಲ್ಲಿ ಇರೋವು, ಒಂದನ್ನ ಬಿಟ್ರೆ ಇನ್ನೊಂದು ನಿಲ್ಲೋದಿಲ್ಲ.

ನೇರಮಾತು, ಕುಮಟಾ
ಸರಿ, ಆಯಾಂತಂ ನಾನು ನೋಡಿರ್ಲಿಲ್ಲ, ಒಪ್ಪಿದೆ. ಆದ್ರೂ ಕಳ್ಳನ ವಿಷಯ ನನ್ನ ಮನಸ್ಸಿಂದ ಹೋಗಿಲ್ಲ.

ಬೆಟ್ಟದಂಚು, ಯಲ್ಲಾಪುರ
ಮೇಲೆ ವಾಟ್ಸಾಪ್ ಮೆಸೇಜ್ ಅಂತ ಬರೆದಿದ್ದಾರಲ್ಲ, ಅಂಥಾ ಮೆಸೇಜು ನಮ್ಮಂಥವ್ರ ಬಗ್ಗೇನೇ ಓಡಾಡೋದು. ನನ್ನ ಅಜ್ಜ ಬಂದು ಗುಡಿಸಲು ಹಾಕಿದ ಜಾಗದಲ್ಲಿ ನಾನು ಹುಟ್ಟಿದ್ದು, ನನ್ನ ಮಗನೂ ಅಲ್ಲೇ. ಅರ್ಜಿ ಬರೀವಾಗ ನಮ್ಮ ಹೆಸರಿನ ಮುಂದೆ ಅರಣ್ಯ ಅತಿಕ್ರಮಣದಾರ ಅಂತ ನಾವೇ ಬರ್ಕೊಳ್ಬೇಕು. ಅತಿಕ್ರಮಣದಾರರ ಸಭೆ ಅಂತಾರೆ, ಅತಿಕ್ರಮಣದಾರರ ಮೆರವಣಿಗೆ ಅಂತಾರೆ, ನಮ್ಮ ಕಡೆ ಈ ಶಬ್ದ ಎಷ್ಟು ಹಳೇದಾಗಿದೆ ಅಂದ್ರೆ ನಮಗೂ ಅದು ಚುಚ್ಚೋದು ನಿಂತುಹೋಗಿತ್ತು. ನನ್ನ ಮಗ ಹೈಸ್ಕೂಲಿಗೆ ಹೋದ್ಮೇಲೆ ಒಂದಿನ ಬಂದು ಕೇಳ್ದ, ‘ಅಪ್ಪಾ, ರಾಜ್ಯದ ಮೇಲೆ ಆಕ್ರಮಣ, ಕೋಟೆ ಮೇಲೆ ಆಕ್ರಮಣ ಅಂತ ಪುಸ್ತಕದಲ್ಲಿ ಬರ್ತದೆ, ನಾವೂ ಅತಿಕ್ರಮಣ ಮಾಡಿದ್ದಂತೆ, ನಾವು ಯಾರ ಮೇಲೆ ದಂಡೆತ್ತಿ ಹೋಗಿದ್ದು?’ ಆವಾಗ ಮತ್ತೆ ಚುಚ್ಚಿತು.

ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು. ನಮ್ಮಂಥ ಪಾರಂಪರಿಕ ಅರಣ್ಯವಾಸಿಗಳು 2005 ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದ್ರೆ 75 ವರ್ಷ ಅಲ್ಲಿದ್ದದ್ದಕ್ಕೆ ಸಾಕ್ಷಿ ಕೊಡ್ಬೇಕು. ಅಜ್ಜ ಓದಿದವನಲ್ಲ, ಬರೆದಿಟ್ಟವನೂ ಅಲ್ಲ, ಅವನು ನೆಟ್ಟ ಮಾವಿನ ಮರ ಇದೆ ಅಷ್ಟೆ. ಕಾಡಿನ ವಿಷಯದಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು, ಹೊಸದಾಗಿ ಮರ ಕಡಿದು ಬೇಲಿ ಹಾಕೋರು ಇದ್ದಾರೆ ಅದನ್ನ ನಾನೂ ಒಪ್ಪೋದಿಲ್ಲ. ಆದ್ರೆ ಬೆಂಕಿ ಇಟ್ಟವನ ಸಾಲಲ್ಲಿ, ವಿಷ ಹಾಕಿದವನ ಸಾಲಲ್ಲಿ ನನ್ನ ಅಮ್ಮನನ್ನ ನಿಲ್ಲಿಸಬೇಡಿ.

ಕಾಳಿಕಡಲು, ಕಾರವಾರ
ಯಲ್ಲಾಪುರದ ಅಣ್ಣ, ನಿಮ್ಮ ಮಗನಿಗೆ ಇದನ್ನ ಹೇಳಿ. ಕ್ರಮ್ ಅಂದ್ರೆ ಹೆಜ್ಜೆ ಇಡೋದು. ಆಕ್ರಮಣ ಅಂದ್ರೆ ಇನ್ನೊಬ್ಬನ ಮೇಲೆ ಕಾಲಿಡೋದು, ಅತಿಕ್ರಮಣ ಅಂದ್ರೆ ಗಡಿ ದಾಟಿ ಹೆಜ್ಜೆ ಇಡೋದು, ವಾಮನ ತ್ರಿವಿಕ್ರಮ ಆಗಿದ್ದೂ ಅದೇ ಹೆಜ್ಜೆಯಿಂದ. ಎರಡರ ಮೂಲ ಒಂದೇ ಆದ್ರೂ ಒಂದು ಮನುಷ್ಯನ ಮೇಲೆ, ಇನ್ನೊಂದು ಗೆರೆಯ ಮೇಲೆ. ದಾರ ಅನ್ನೋದೂ ಪಾರಸಿ ಬಾಲವೇ, ಹಿಡ್ಕೊಂಡವನು ಅಂತ, ಗೇಣಿದಾರ, ಜಮೀನ್ದಾರ ಇದ್ದ ಹಾಂಗೆ. ತಿನ್ನೋನಿಗೆ ಕೋರ, ಇಟ್ಕೊಂಡವನಿಗೆ ದಾರ. ನಿಮ್ಮನ್ನ ಕಾಗದದಲ್ಲಿ ಬರೆದವ್ರು ಕೂಡ ಅತಿಕ್ರಮಣಕೋರ ಅಂತ ಬರೀಲಿಲ್ಲ ನೋಡಿ. ಇಷ್ಟರಿಂದ ನೋವು ಹೋಗ್ತದೆ ಅಂತಲ್ಲ, ಹುಡುಗನಿಗೆ ಉತ್ತರ ಬೇಕಲ್ಲ ಅದಕ್ಕೆ.

ವರದಾತೀರ, ಬನವಾಸಿ
ತಡವಾಗಿ ಬಂದೆ. ಕನ್ನಡದ್ದೇ ಹಳೇ ಶಬ್ದ ಯಾರೂ ಎತ್ತಲಿಲ್ಲ ಅದಕ್ಕೆ ಬರೀತಾ ಇದ್ದೇನೆ. ನಮ್ಮ ಸೀಮೆಯಲ್ಲಿ ವೀರಗಲ್ಲು ಸುಮಾರು ಸಿಗ್ತವೆ, ಕೆಳಗಿನ ಪಟ್ಟೀಲಿ ಹೋರಾಟ, ನಡುವಲ್ಲಿ ಸತ್ತ ವೀರನನ್ನ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಶಿವಲಿಂಗದ ಹತ್ರ ಕೂತಿರೋದು. ಕನ್ನಡ ವೀರಗಲ್ಲುಗಳ ಬರಹದಲ್ಲಿ ಮೂರು ಶಬ್ದ ಮತ್ತೆ ಮತ್ತೆ ಬರ್ತವೆ, ತುರುಗೋಳ್, ಪೆಣ್ಬುಯ್ಯಲ್, ಊರಳಿವು. ದನ ಹೊಡ್ಕೊಂಡು ಹೋಗೋದು, ಹೆಣ್ಣಿನ ಮೇಲೆ ಕೈ ಹಾಕಿದಾಗ ಏಳೋ ಕೂಗು, ಊರು ಹಾಳುಮಾಡೋದು. ವಸಿಷ್ಠರ ಧನ, ದಾರ (ಇಲ್ಲಿ ಸಂಸ್ಕೃತದ ದಾರ, ಹೆಂಡತಿ ಅಂತ), ಕ್ಷೇತ್ರ ಇದೇ ಅಲ್ವಾ, ಆಗ ದನವೇ ಧನ. ಪುಯ್ಯಲ್ ಅನ್ನೋದೇ ಈಗಿನ ಹುಯಿಲು. ಹುಯಿಲೆಬ್ಬಿಸಬೇಡ ಅಂತ ಮಕ್ಕಳಿಗೆ ಗದರುವಾಗ ನಾವು ಹೇಳೋ ಶಬ್ದದೊಳಗೆ ಯಾವಳೋ ಒಬ್ಬಳು ಸಾವಿರ ವರ್ಷದ ಹಿಂದೆ ಕಿರುಚಿದ್ದು ಇದೆ.

ನನಗೆ ದೊಡ್ಡದು ಅನ್ನಿಸೋದು ಇದು. ಆ ಮೂರೂ ಶಬ್ದ ಆದದ್ದರ ಹೆಸರು, ಬಂದವರ ಹೆಸರಲ್ಲ. ಕಲ್ಲು ನಿಲ್ಲಿಸಿದ್ದು ತಡೆಯೋಕೆ ಹೋಗಿ ಸತ್ತವನಿಗೆ.

ಅಂಕೋಲೆ ಹುಡುಗ, ಈಗ ಹಲ್ದಿಯಾ
ವರದಾತೀರ ಅಕ್ಕ, ಈ ಪೆಣ್ಬುಯ್ಯಲ್ ಶಬ್ದನ ನಾನು ಬರೆದಿಟ್ಕೊಂಡೆ.

ಬೇಣದಗಾಳಿ, ಶಿರಸಿ
ಎರಡು ದಿನ ತಡವಾಗಿ ಬರ್ತಾ ಇದ್ದೇನೆ, ಕೊನೆಕೊಯ್ಲು ನಡೀತಾ ಇದೆ. ಎಲ್ಲಾ ಓದಿದೆ, ಕೆಲವನ್ನ ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಬಿಲ್ಲಿನ ಹೆದೆ ವಿಷಯ ಅವಳಿಗೆ ಕೂಡ್ಲೇ ಹಿಡಿಸ್ತು, ಕೈಯಲ್ಲಿ ಎಳೆದು ತೋರ್ಸಿದ್ಲು. ಆಮೇಲೆ ಕೇಳಿದ್ಲು, ಅಶ್ವತ್ಥಾಮನ್ನ ಕಟ್ಟಿ ತಂದಿದ್ರಲ್ಲ, ಅವನ ಕೈಯಲ್ಲಿ ಬಿಲ್ಲೇ ಇರ್ಲಿಲ್ಲ, ಹಂಗಾದ್ರೆ ಅವಾಗ ಅವನು ಆತತಾಯಿ ಹೌದಾ ಅಲ್ವಾ? ಮದ್ದಳೆಮನೆಯವ್ರೆ, ಇದಕ್ಕೆ ನೀವೇ ಹೇಳ್ಬೇಕು.

ಮದ್ದಳೆಮನೆ, ಸಿದ್ದಾಪುರ
ಕೂಸಿಗೆ ನನ್ನ ನಮಸ್ಕಾರ ಹೇಳಿ. ಭಾಗವತದ ಮೊದಲ ಸ್ಕಂಧದಲ್ಲಿ ಕೃಷ್ಣ ಅರ್ಜುನನಿಗೆ ಹೇಳೋ ಮಾತು ಹೀಗೆ, ‘ಬ್ರಹ್ಮಬಂಧುರ್ನ ಹಂತವ್ಯ ಆತತಾಯೀ ವಧಾರ್ಹಣಃ’. ಬ್ರಾಹ್ಮಣ ಅನ್ನಿಸ್ಕೊಂಡವನು ಕೆಟ್ಟವನಾದ್ರೂ ಕೊಲ್ಲೋ ಹಾಂಗಿಲ್ಲ, ಆತತಾಯಿ ಆದ್ರೆ ಕೊಲ್ಲಬೇಕು, ಎರಡೂ ನಾನೇ ಹೇಳಿದ್ದು, ಎರಡನ್ನೂ ಪಾಲಿಸು ಅಂತ. ಭೀಮ ಕೊಲ್ಲು ಅಂತ ನಿಂತಿದ್ದಾನೆ. ಅರ್ಜುನ ಏನು ಮಾಡ್ದ ಅಂದ್ರೆ, ಕತ್ತಿಯಿಂದ ಅವನ ತಲೆಯ ಮಣಿಯನ್ನ ಕೂದಲ ಸಮೇತ ಕೊಯ್ದು, ಕಟ್ಟು ಬಿಚ್ಚಿ, ಶಿಬಿರದಿಂದ ಹೊರಗೆ ಹಾಕ್ದ. ನನ್ನ ಕೇಳಿದ್ರೆ ರಾತ್ರಿ ಕತ್ತಿ ಹಿಡಿದಾಗ ಅವನು ಆತತಾಯಿ, ಕಟ್ಟು ಬಿದ್ದ ಅಶ್ವತ್ಥಾಮ ಅಪರಾಧಿ. ಅಪರಾಧಿಗೆ ಶಿಕ್ಷೆ ಇದೆ, ಅದನ್ನ ಯೋಚನೆ ಮಾಡಿಯೇ ಕೊಡೋದು. ಆದ್ರೆ ನನ್ನ ಎದುರು ಭೀಮನ ಅರ್ಥ ಹೇಳೋರು ಇದನ್ನ ಒಪ್ಪೋದಿಲ್ಲ, ಒಪ್ಪಬಾರದು ಕೂಡ, ಐದು ಮಕ್ಕಳ ಹೆಣ ಅಲ್ಲೇ ಇದೆ.

ಮತ್ತೆ ಅವಳು ಮೊದ್ಲು ಕೇಳಿದ್ದಿತ್ತಲ್ಲ, ಆತ ತಾಯಿ ಹೇಂಗೆ ಅಂತ. ವ್ಯಾಕರಣದಲ್ಲಿ ಅದು ತಪ್ಪು, ಆದ್ರೆ ಆ ಜಾಗದಲ್ಲಿ ಬಿಡಿ ಬಿಡಿ ಅಂತ ಮೊದ್ಲು ಕೂಗಿದ್ದು ದ್ರೌಪದಿ. ಇವನ ತಾಯಿ ಕೃಪಿ ಅಳೋದು ಬೇಡ, ಮಕ್ಕಳು ಸತ್ತು ನಾನು ಅಳ್ತಾ ಇದ್ದ ಹಾಂಗೆ ಅವಳು ಅಳಬಾರದು ಅಂತಾಳೆ. ಈ ಸಾಲಿಗೆ ಬಂದಾಗ ನನಗೆ ಪ್ರತೀ ಸಲ ಗಂಟಲು ಕಟ್ತದೆ.

ಬೇಣದಗಾಳಿ, ಶಿರಸಿ
ಇದನ್ನ ಅವಳಿಗೆ ಇವತ್ತು ರಾತ್ರಿ ಓದ್ತೇನೆ.

ವಾಟ್ಸಾಪ್ ವಿಷಯ ಹೇಳ್ಬೇಕು. ಆ ಹಿರಿಯರಿಗೆ ಗ್ರೂಪಲ್ಲಿ ಉತ್ತರ ಕೊಡೋದು ಸರಿ ಅಲ್ಲ ಅಂತ ನಿನ್ನೆ ಸಂಜೆ ಅವ್ರ ಮನೆಗೇ ಹೋದೆ. ಅವ್ರು ನನಗೆ ದೊಡ್ಡಪ್ಪ ಆಗ್ಬೇಕು. ಆಯಾಂತಂ ಹೇಳಿದೆ, ರುದ್ರದ ಸಾಲು ಹೇಳಿದೆ, ಅವ್ರು ದಿನಾ ರುದ್ರ ಹೇಳೋರು. ಬಹಳ ಹೊತ್ತು ಮಾತಾಡ್ಲಿಲ್ಲ, ಎಲೆಅಡಿಕೆ ಕವಳ ಹಾಕ್ಕೊಂಡು ಕೂತ್ರು. ಆಮೇಲೆ ‘ಅತಿಕ್ರಮಣ ತಪ್ಪು ಅನ್ನೋದ್ರಲ್ಲಿ ನಾನು ಬದ್ಲಾಗೋದಿಲ್ಲ ತಮಾ, ಆದ್ರೆ ಆ ಶಬ್ದ ಹಾಕ್ಬಾರ್ದಿತ್ತು’ ಅಂದ್ರು. ಮೆಸೇಜು ಅಳಿಸೋದು ಅವ್ರಿಗೆ ಬರೋದಿಲ್ಲ, ಫೋನು ನನ್ನ ಕೈಗೆ ಕೊಟ್ರು. ಎರಡು ದಿನಕ್ಕಿಂತ ಹೆಚ್ಚಾಗಿತ್ತು, ಎಲ್ಲರ ಫೋನಿಂದ ಅಳಿಸೋಕೆ ಆಗ್ಲಿಲ್ಲ. ಅದಕ್ಕೆ ಅದರ ಕೆಳಗೆ ಅವ್ರ ಹೆಸರಲ್ಲೇ ಒಂದು ಸಾಲು ಟೈಪ್ ಮಾಡಿಸಿದ್ರು, ‘ಮೇಲಿನ ಶಬ್ದ ತಪ್ಪಾಗಿ ಬಳಸಿದ್ದೇನೆ’ ಅಂತ.

ಬೆಟ್ಟದಂಚು, ಯಲ್ಲಾಪುರ
ನಿಮ್ಮ ದೊಡ್ಡಪ್ಪನವ್ರಿಗೆ ನನ್ನ ನಮಸ್ಕಾರ ಹೇಳಿ.